‘ತಾನಾಗಿಯೇ ಹೋಗುತ್ತೆ’ ಅನ್ನುವ ಮೊದಲು

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಭಾಷಣ. ಸಭೆಗೆ ಬರಲಾಗದ ಕುಟುಂಬಗಳಿಗೂ ತಲುಪಲಿ ಎಂದು ಇಲ್ಲಿ ಪೂರ್ತಿಯಾಗಿ ಕೊಟ್ಟಿದ್ದೇವೆ.)

 

ಟ್ರಸ್ಟಿನ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ವೇದಿಕೆಯ ಮೇಲಿರುವ ಹಿರಿಯರೇ, ದಾನಿಗಳೇ, ವಿದ್ಯಾರ್ಥಿವೇತನ ಪಡೆಯಲು ಬಂದಿರುವ ಮಕ್ಕಳೇ, ಅವರನ್ನು ಇಲ್ಲಿಯವರೆಗೆ ತಂದ ತಾಯಿ ತಂದೆಯರೇ,

ಈ ಸಭೆಯಲ್ಲಿ ನನ್ನಂಥ ನಿವೃತ್ತ ಶಿಕ್ಷಕರು ಸಾಮಾನ್ಯವಾಗಿ ಓದಿನ ಬಗ್ಗೆ ಮಾತಾಡುತ್ತೇವೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಯಾವ ಕೋರ್ಸು, ಹೆಣ್ಣುಮಕ್ಕಳ ಓದು ನಿಲ್ಲಿಸಬೇಡಿ, ಹೀಗೆ. ಆ ಮಾತುಗಳನ್ನು ನೀವು ನನಗಿಂತ ಚೆನ್ನಾಗಿ ಕೇಳಿದ್ದೀರಿ. ಈ ವರ್ಷ ಕಾರ್ಯದರ್ಶಿಗಳನ್ನು ಕೇಳಿಕೊಂಡು ಬೇರೆ ವಿಷಯ ತಂದಿದ್ದೇನೆ. ಹಸುಗೂಸುಗಳ ಮೈಮೇಲೆ ಬರುವ ಒಂದು ಕೆಂಪು ಗಂಟಿನ ವಿಷಯ. ನಾನು ಡಾಕ್ಟರ್ ಅಲ್ಲ, ಬಿ.ಎಡ್. ಮಾಡಿದ ಮೇಷ್ಟರಮ್ಮ. ಹಾಗಿದ್ದರೂ ಇದರ ಬಗ್ಗೆ ಮಾತಾಡುವ ಒಂದು ಸಾಲ ನನ್ನ ಮೇಲಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

1996ರಲ್ಲಿ ನಾವು ಯಲಹಂಕದಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಯಜಮಾನರು ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಅವರ ಹೆಂಡತಿ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಆಕೆಗೆ ಗಂಡುಮಗು ಆಯಿತು. ಹುಟ್ಟಿದಾಗ ಮೈಮೇಲೆ ಏನೂ ಇರಲಿಲ್ಲ. ಎರಡು ವಾರಕ್ಕೆ ಬಲಗಣ್ಣಿನ ಮೇಲಿನ ರೆಪ್ಪೆಯ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಒಂದು ಕೆಂಪು ಚುಕ್ಕೆ. ಎರಡು ತಿಂಗಳಾಗುವಾಗ ಅದು ನೇರಳೆ ಹಣ್ಣಿನಷ್ಟು ದಪ್ಪವಾಗಿ, ಆ ಕಣ್ಣು ಅರ್ಧ ಮುಚ್ಚಿತ್ತು. ಮಗುವನ್ನು ಎತ್ತಿಕೊಂಡು ಆಕೆ ನಮ್ಮ ಮನೆಗೆ ಬಂದರು. ‘ಟೀಚರ್ ಆಪಾ, ಇದನ್ನ ದೊಡ್ಡ ಆಸ್ಪತ್ರೆಗೆ ತೋರಿಸ್ಲಾ? ಅತ್ತೆ ಬೇಡ ಅಂತಾರೆ’ ಎಂದು ಕೇಳಿದರು.

ನನ್ನ ಅಕ್ಕನ ಮಗನಿಗೆ ಬೆನ್ನ ಮೇಲೆ ಇಂಥದೇ ಗಂಟಿತ್ತು. ಯಾವ ಔಷಧಿಯೂ ಇಲ್ಲದೆ ನಾಲ್ಕು ವರ್ಷಕ್ಕೆ ಮಾಯವಾಗಿತ್ತು. ಅದನ್ನು ನೆನೆಸಿಕೊಂಡು ನಾನು ಹೇಳಿದೆ: ‘ಹೆದರಬೇಡಿ, ತಾನಾಗಿಯೇ ಹೋಗುತ್ತೆ.’ ಓದಿದವಳು ಹೇಳಿದ ಮಾತು ಎಂದು ಆಕೆ ನಂಬಿದರು. ಆಸ್ಪತ್ರೆಗೆ ಹೋಗಲಿಲ್ಲ.

ಗಂಟು ನಾನು ಹೇಳಿದ ಹಾಗೇ ಹೋಯಿತು. ನಾಲ್ಕು ವರ್ಷಕ್ಕೆ ರೆಪ್ಪೆ ಸ್ವಲ್ಪ ಸಡಿಲವಾಗಿತ್ತು, ಅಷ್ಟೇ. ಹುಡುಗ ನಮ್ಮ ಶಾಲೆಗೇ ಸೇರಿದ. ಮೂರನೇ ತರಗತಿಯಲ್ಲಿ ನಾನು ಮಕ್ಕಳಿಗೆ ಕಣ್ಣಿನ ಪಾಠ ಮಾಡುತ್ತಾ, ಒಬ್ಬೊಬ್ಬರನ್ನೂ ಒಂದು ಕಣ್ಣು ಮುಚ್ಚಿಕೊಂಡು ಬೋರ್ಡಿನ ಅಕ್ಷರ ಓದಿ ಎಂದೆ. ಇವನು ಎಡಗಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತ. ‘ಓದೋ’ ಎಂದೆ. ‘ಮಿಸ್, ಈ ಕಣ್ಣು ಮುಚ್ಚಿದ್ರೆ ಬೋರ್ಡ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ’ ಎಂದ. ತರಗತಿಯ ಮಕ್ಕಳು ನಕ್ಕರು. ನನಗೆ ಕೈಯಲ್ಲಿದ್ದ ಸೀಮೆಸುಣ್ಣ ಹಿಡಿದುಕೊಳ್ಳುವುದಕ್ಕೂ ಆಗಲಿಲ್ಲ.

ಕಣ್ಣಿನ ಡಾಕ್ಟರು ಆಮೇಲೆ ವಿವರಿಸಿದರು. ಕಣ್ಣು ನೋಡುವುದಷ್ಟೇ ಅಲ್ಲ, ಆ ಕಣ್ಣಿನಿಂದ ಬಂದದ್ದನ್ನು ನೋಡಲು ಮೆದುಳು ಕಲಿಯಬೇಕು. ಅದು ಕಲಿಯುವುದು ಹುಟ್ಟಿದ ಮೊದಲ ತಿಂಗಳು, ಮೊದಲ ವರ್ಷಗಳಲ್ಲಿ. ರೆಪ್ಪೆಯ ಗಂಟು ಕಣ್ಣಿನ ಪಾಪೆಯನ್ನು ಮುಚ್ಚಿದರೆ, ಅಥವಾ ಕಣ್ಣುಗುಡ್ಡೆಯನ್ನು ಒತ್ತಿ ಅದರ ಆಕಾರ ಕೆಡಿಸಿದರೆ, ಮೆದುಳು ಆ ಕಣ್ಣನ್ನು ಕೈಬಿಟ್ಟು ಇನ್ನೊಂದನ್ನೇ ನಂಬಿಕೊಳ್ಳುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಇನ್ನೊಂದಕ್ಕೆ ಕೆಲಸ ಕೊಡುವ ಚಿಕಿತ್ಸೆ ಇದೆ. ನಾವೂ ಮಾಡಿಸಿದೆವು. ಎಂಟು ವರ್ಷದ ಹುಡುಗನಿಗೆ ಅದು ಹೆಚ್ಚು ಫಲ ಕೊಡಲಿಲ್ಲ. ಅವನಿಗೆ ಬಸ್ ಡ್ರೈವರ್ ಆಗುವ ಆಸೆ ಇತ್ತು. ದೊಡ್ಡ ಗಾಡಿಯ ಲೈಸೆನ್ಸಿನ ಕಣ್ಣು ಪರೀಕ್ಷೆಯಲ್ಲಿ ನಿಂತುಹೋಯಿತು. ಈಗ ಹಿಟ್ಟಿನ ಗಿರಣಿ ನಡೆಸುತ್ತಾನೆ, ಮನೆ ಮಕ್ಕಳು ಚೆನ್ನಾಗಿದ್ದಾರೆ. ಅವನನ್ನು ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ. ‘ಹೇಳಿ ಮಿಸ್, ಹೆಸರು ಮಾತ್ರ ಬೇಡ’ ಎಂದ. ಅವನ ತಾಯಿ ಈವತ್ತಿಗೂ ನನ್ನನ್ನು ದೂರಿಲ್ಲ.

ನಾನು ಹೇಳಿದ ಮಾತು ಸುಳ್ಳಲ್ಲ. ಹೆಚ್ಚಿನ ಮಕ್ಕಳಿಗೆ ಅದು ನಿಜ. ಯಾವ ಮಗುವಿಗೆ ನಿಜ, ಯಾವ ಮಗುವಿಗೆ ಅಲ್ಲ ಎಂದು ತಿಳಿಯದೆ ಹೇಳಿದ್ದು ನನ್ನ ತಪ್ಪು. ಆ ವ್ಯತ್ಯಾಸವನ್ನು ನಿಮಗೆ ದಾಟಿಸುವುದಕ್ಕೆ ಇವತ್ತು ನಿಂತಿದ್ದೇನೆ.

ಈ ಗಂಟಿಗೆ ಡಾಕ್ಟರುಗಳು ಹೆಮಾಂಜಿಯೋಮ ಎನ್ನುತ್ತಾರೆ. ಅತಿ ಸಣ್ಣ ರಕ್ತನಾಳಗಳು ಒಂದೇ ಜಾಗದಲ್ಲಿ ವಿಪರೀತವಾಗಿ ಬೆಳೆದು ಆದ ಗಡ್ಡೆ. ಗಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಡಿ. ಇದು ಕ್ಯಾನ್ಸರ್ ಅಲ್ಲ. ಹಸುಗೂಸುಗಳಲ್ಲಿ ಕಾಣುವ ಗಡ್ಡೆಗಳಲ್ಲೆಲ್ಲಾ ಇದೇ ಅತಿ ಸಾಮಾನ್ಯ. ನೂರು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಬರುತ್ತದೆ. ಹೆಣ್ಣುಮಕ್ಕಳಿಗೆ ಹೆಚ್ಚು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೆ ಮತ್ತು ಅವಳಿಗಳಿಗೆ ಇನ್ನೂ ಹೆಚ್ಚು. ಚರ್ಮದ ಮೇಲೇ ಇದ್ದರೆ ಕಡುಗೆಂಪಾಗಿ ಕಾಣುತ್ತದೆ. ಚರ್ಮದ ಕೆಳಗಿದ್ದರೆ ಪೆಟ್ಟು ಬಿದ್ದು ಕಂದಿದ ಹಾಗೆ ನೀಲಿಯಾಗಿ, ಮೆತ್ತಗೆ ಉಬ್ಬಿರುತ್ತದೆ. ನಮ್ಮ ಮೈಬಣ್ಣದ ಮಕ್ಕಳಲ್ಲಿ ಶುರುವಿನ ಕೆಂಪು ಎಷ್ಟೋ ಸಲ ಎದ್ದು ಕಾಣುವುದೇ ಇಲ್ಲ.

ತಾಯಂದಿರಿಗೆ ಒಂದು ಮಾತು ಖಂಡಿತವಾಗಿ ಹೇಳಬೇಕು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಬಸುರಿಯಲ್ಲಿ ಏನೋ ತಿಂದಳು, ಯಾರದೋ ನಜರ್ ತಾಗಿತು ಎಂದು ಸೊಸೆಯ ಮೇಲೆ ಹೊರಿಸುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ತಾಯಿ ಮಾಡಿದ ಯಾವ ಕೆಲಸದಿಂದಲೂ ಇದು ಬರುವುದಿಲ್ಲ. ಅತ್ತೆಯಂದಿರು ಈ ಒಂದು ಮಾತನ್ನು ಮನೆಗೆ ತೆಗೆದುಕೊಂಡು ಹೋದರೂ ನನ್ನ ಭಾಷಣ ಸಾರ್ಥಕ.

ಹಾಗೆಯೇ ಎಲ್ಲ ಹುಟ್ಟುಮಚ್ಚೆಯೂ ಹೆಮಾಂಜಿಯೋಮ ಅಲ್ಲ. ಮಗುವಿನ ಸೊಂಟದ ಮೇಲೆ ಕಾಣುವ ಚಪ್ಪಟೆ ನೀಲಿ ಬಣ್ಣ ನಮ್ಮ ದೇಶದ ಮಕ್ಕಳಲ್ಲಿ ತುಂಬ ಸಾಮಾನ್ಯ, ಅದರಿಂದ ತೊಂದರೆ ಇಲ್ಲ. ಮುಖದ ಒಂದು ಭಾಗದಲ್ಲಿ ಹುಟ್ಟುವಾಗಲೇ ಪೂರ್ತಿಯಾಗಿ ಇರುವ, ಚಪ್ಪಟೆಯಾದ, ದ್ರಾಕ್ಷಿರಸ ಚೆಲ್ಲಿದಂಥ ಕೆಂಪು ಮಚ್ಚೆ ಬೇರೆ ಜಾತಿಯದು. ಅದು ಮಗುವಿನ ಜೊತೆ ಬೆಳೆಯುತ್ತದೆ, ತಾನಾಗಿ ಹೋಗುವುದಿಲ್ಲ, ಅದಕ್ಕೆ ಲೇಸರ್ ಚಿಕಿತ್ಸೆ. ಇವೆರಡೂ ಬೇರೆ ಬೇರೆ ಎಂದು ಅಮೆರಿಕದ ಮುಲ್ಲಿಕೆನ್ ಮತ್ತು ಗ್ಲೊವಾಕಿ ಎಂಬಿಬ್ಬರು 1982ರಲ್ಲಿ ಸ್ಪಷ್ಟವಾಗಿ ವಿಂಗಡಿಸಿದರು. ಅದಕ್ಕೂ ಮೊದಲು ಡಾಕ್ಟರುಗಳಿಗೇ ಗೊಂದಲವಿತ್ತು. ನಮಗೆ ಗೊಂದಲವಾದರೆ ನಾಚಿಕೆ ಇಲ್ಲ. ಕೇಳದೇ ಇರುವುದೇ ತಪ್ಪು.

ಈಗ ಮುಖ್ಯವಾದ ವಿಷಯ: ಕಾಲ. ಈ ಗಂಟಿಗೆ ಒಂದು ಕ್ಯಾಲೆಂಡರ್ ಇದೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಚುಕ್ಕೆ ಕಾಣುತ್ತದೆ. ಐದರಿಂದ ಏಳನೇ ವಾರದವರೆಗೆ ಅತಿ ವೇಗವಾಗಿ ಬೆಳೆಯುತ್ತದೆ. ಮೂರು ತಿಂಗಳಾಗುವಾಗ ಸಾಮಾನ್ಯವಾಗಿ ಅದರ ಪೂರ್ತಿ ಗಾತ್ರದ ಶೇಕಡ 80ರಷ್ಟು ಆಗಿಬಿಟ್ಟಿರುತ್ತದೆ. ಐದು ತಿಂಗಳ ಹೊತ್ತಿಗೆ ಹೆಚ್ಚಿನವುಗಳ ಬೆಳವಣಿಗೆ ಮುಗಿಯುತ್ತದೆ. ಸುಮಾರು ಒಂದು ವರ್ಷದ ನಂತರ ಮೆಲ್ಲಗೆ ಕರಗಲು ಶುರುವಾಗಿ, ನಾಲ್ಕು ವರ್ಷದ ಹೊತ್ತಿಗೆ ಬಹುಪಾಲು ಕರಗಿರುತ್ತದೆ. ಕೆಲವು ಮಕ್ಕಳಲ್ಲಿ ಸಡಿಲ ಚರ್ಮ, ಕಲೆ ಅಥವಾ ಕೊಬ್ಬಿನ ಉಬ್ಬು ಉಳಿಯುತ್ತದೆ.

ನಮ್ಮ ಮನೆಗಳಲ್ಲಿ ಬಾಣಂತಿಗೂ ಮಗುವಿಗೂ ನಲವತ್ತು ದಿನದ ಚಿಲ್ಲಾ. ತಾಯಿಮನೆಯಲ್ಲಿ ಬಾಣಂತನ, ಮಗುವನ್ನು ಹೊರಗೆ ತೆಗೆಯುವುದಿಲ್ಲ. ನಲವತ್ತು ದಿನ ಅಂದರೆ ಸುಮಾರು ಆರು ವಾರ. ಗಂಟು ಅತಿ ವೇಗವಾಗಿ ಬೆಳೆಯುವ ಕಾಲವೂ ಅದೇ. ನಲವತ್ತು ಮುಗಿಯಲಿ, ಅಖೀಖಾ ಆಗಲಿ, ಗಂಡನ ಮನೆಗೆ ಹೋದ ಮೇಲೆ ನೋಡೋಣ ಎನ್ನುವಷ್ಟರಲ್ಲಿ ಮೂರು ತಿಂಗಳು ದಾಟಿರುತ್ತದೆ. ಚಿಲ್ಲಾ ಬಾಣಂತಿಯ ವಿಶ್ರಾಂತಿಗೆ ಇರುವುದು. ಕಾಯಿಲೆ ಬಂದ ಮಗುವನ್ನು ಡಾಕ್ಟರಿಗೆ ತೋರಿಸಬೇಡಿ ಎಂದು ನಮ್ಮ ಹಿರಿಯರು ಯಾವತ್ತೂ ಹೇಳಿಲ್ಲ. ಗಂಟು ಅಪಾಯದ ಜಾಗದಲ್ಲಿದ್ದರೆ ಒಂದು ತಿಂಗಳ ಒಳಗೇ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಈಗ ವೈದ್ಯರು ಹೇಳುವುದೂ ಇದನ್ನೇ.

ಅಪಾಯದ ಜಾಗ ಯಾವುದು? ವಿದ್ಯಾರ್ಥಿಗಳು ಬೇಕಾದರೆ ಬರೆದುಕೊಳ್ಳಿ.

ಒಂದು, ಕಣ್ಣಿನ ರೆಪ್ಪೆ ಮತ್ತು ಕಣ್ಣಿನ ಸುತ್ತ. ಕಾರಣ ಹೇಳಿದ್ದೇನೆ.

ಎರಡು, ತುಟಿ, ಮೂಗಿನ ತುದಿ, ಕಿವಿ. ಇಲ್ಲಿ ಗಂಟು ಕರಗಿದರೂ ಆಕಾರ ಕೆಟ್ಟು ಉಳಿಯಬಹುದು. ತುಟಿಯ ಮೇಲೆ ಹುಣ್ಣಾದರೆ ಮಗು ಹಾಲು ಕುಡಿಯುವುದಿಲ್ಲ.

ಮೂರು, ಗಡ್ಡ ಬೆಳೆಯುವ ಜಾಗ, ಅಂದರೆ ದವಡೆ, ಗಲ್ಲ, ಕುತ್ತಿಗೆ. ಹೊರಗೆ ಇಲ್ಲಿದ್ದರೆ ಒಳಗೆ ಉಸಿರಿನ ದಾರಿಯಲ್ಲೂ ಇರುವ ಸಾಧ್ಯತೆ ಇದೆ. ಮಗು ಉಸಿರೆಳೆಯುವಾಗ ಕೊರ್ ಎಂಬ ಶಬ್ದ ಬಂದರೆ, ಅಳುವ ದನಿ ಒಡೆದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ನಾಲ್ಕು, ಲಂಗೋಟಿ ಕಟ್ಟುವ ಜಾಗ. ಒದ್ದೆಗೆ, ಉಜ್ಜುವುದಕ್ಕೆ ಬೇಗ ಹುಣ್ಣಾಗುತ್ತದೆ, ಮಗುವಿಗೆ ತುಂಬ ನೋವು.

ಐದು, ಬೆನ್ನಿನ ಕೆಳಭಾಗದ ನಡುಮಧ್ಯ. ಅದರ ಕೆಳಗೆ ಬೆನ್ನುಹುರಿಯಲ್ಲಿ ದೋಷವಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

ಆರು, ಮುಖದ ಅಥವಾ ತಲೆಯ ದೊಡ್ಡ ಭಾಗವನ್ನು ಆವರಿಸಿದ ಗಂಟು. ಮೆದುಳಿನ ರಕ್ತನಾಳ, ಹೃದಯ, ಕಣ್ಣು ಎಲ್ಲ ಪರೀಕ್ಷಿಸಬೇಕು.

ಏಳು, ಮೈಮೇಲೆ ಐದು ಅಥವಾ ಹೆಚ್ಚು ಗಂಟುಗಳು, ಒಂದೊಂದೂ ಚಿಕ್ಕದಾಗಿದ್ದರೂ ಸರಿ. ಪಿತ್ತಜನಕಾಂಗದಲ್ಲೂ ಇದೆಯೇ ಎಂದು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುತ್ತಾರೆ.

ಇವುಗಳ ಹೊರತಾಗಿ, ಎಲ್ಲೇ ಇರಲಿ, ಗಂಟು ಹುಣ್ಣಾದರೆ ತೋರಿಸಲೇಬೇಕು. ಗಂಟು ಕಲ್ಲಿನಂತೆ ಗಟ್ಟಿಯಾಗಿ, ಕಡುನೇರಳೆಯಾಗಿ ಊದಿಕೊಂಡು, ಮೈಮೇಲೆ ಬೇರೆ ಕಡೆ ರಕ್ತದ ಚುಕ್ಕೆಗಳು ಕಂಡರೆ ಅದು ಬೇರೆಯೇ ಜಾತಿಯ ಅಪರೂಪದ ಗಡ್ಡೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ. ಅದು ತುರ್ತು, ಅದರ ಚಿಕಿತ್ಸೆಯೂ ಬೇರೆ.

ಉಳಿದಂತೆ ತೋಳಿನ ಮೇಲೆ, ಹೊಟ್ಟೆಯ ಮೇಲೆ, ಕಾಲಿನ ಮೇಲೆ ಒಂದು ಚಿಕ್ಕ ಗಂಟು ಇದ್ದರೆ, ಡಾಕ್ಟರು ಒಮ್ಮೆ ನೋಡಿ ‘ಬಿಟ್ಟುಬಿಡಿ, ತಾನಾಗಿಯೇ ಹೋಗುತ್ತದೆ’ ಎನ್ನಬಹುದು. ಆ ಮಾತು ಅವರು ಹೇಳಬೇಕು, ನೋಡಿದ ಮೇಲೆ ಹೇಳಬೇಕು. ಪಕ್ಕದ ಮನೆಯ ಟೀಚರ್ ಹೇಳಬಾರದು.

ಚಿಕಿತ್ಸೆ ಏನು ಎನ್ನುವುದಕ್ಕೆ ಒಂದು ಒಳ್ಳೆಯ ಕತೆ ಇದೆ. ಮಕ್ಕಳೇ, ಇದು ನಿಮಗೆ. ಹಿಂದೆ ಈ ಗಂಟಿಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಕೊಡುತ್ತಿದ್ದರು. ಮಗುವಿನ ಮುಖ ಊದುತ್ತಿತ್ತು, ಬೆಳವಣಿಗೆ ಕುಂಠಿತವಾಗುತ್ತಿತ್ತು. ಫ್ರಾನ್ಸಿನ ಬೋರ್ಡೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಮೂಗಿನ ಮೇಲೆ ಹೆಮಾಂಜಿಯೋಮ ಇದ್ದ ಒಂದು ಮಗುವಿಗೆ ಹೀಗೆ ಸ್ಟೀರಾಯ್ಡ್ ಕೊಡುವಾಗ ಹೃದಯದ ಸ್ನಾಯು ದಪ್ಪವಾಗುವ ತೊಂದರೆ ಬಂತು. ಹೃದಯಕ್ಕೆಂದು ಪ್ರೊಪ್ರನೊಲಾಲ್ ಎಂಬ ಹಳೆಯ ಔಷಧಿ ಕೊಟ್ಟರು. ಮಾರನೇ ದಿನ ನೋಡಿದರೆ ಮೂಗಿನ ಮೇಲಿನ ಕಡುಗೆಂಪು ಗಂಟು ನೇರಳೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಕೊಟ್ಟದ್ದು ಹೃದಯಕ್ಕೆ, ಕೆಲಸ ಮಾಡಿದ್ದು ಗಂಟಿನ ಮೇಲೆ. ಅಲ್ಲಿನ ಚರ್ಮವೈದ್ಯೆ ಕ್ರಿಸ್ಟೀನ್ ಲಿಯೋತೆ-ಲಾಬ್ರೆಝ್ ಮತ್ತು ಜೊತೆಯವರು ಇದನ್ನು ಆಕಸ್ಮಿಕ ಎಂದು ಬಿಡದೆ ಬೇರೆ ಮಕ್ಕಳಲ್ಲೂ ಗಮನಿಸಿ, 2008ರಲ್ಲಿ ಹನ್ನೊಂದು ಮಕ್ಕಳ ಅನುಭವವನ್ನು ಒಂದು ಚಿಕ್ಕ ಪತ್ರವಾಗಿ ಪ್ರಕಟಿಸಿದರು.

ಪತ್ರ ಬರೆದು ಸುಮ್ಮನಾಗಲಿಲ್ಲ. 460 ಹಸುಗೂಸುಗಳಲ್ಲಿ ಔಷಧಿಯನ್ನು ಖಾಲಿ ಸಿರಪ್ಪಿನ ಜೊತೆ ಹೋಲಿಸಿ ನೋಡಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಪ್ರೊಪ್ರನೊಲಾಲನ್ನು ಪೂರ್ತಿ ಪ್ರಮಾಣದಲ್ಲಿ ಆರು ತಿಂಗಳು ಪಡೆದ ಮಕ್ಕಳಲ್ಲಿ ಶೇಕಡ 60ರಷ್ಟು ಮಕ್ಕಳ ಗಂಟು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಖಾಲಿ ಸಿರಪ್ ಪಡೆದವರಲ್ಲಿ ಶೇಕಡ 4. ಈ ಔಷಧಿಯನ್ನು 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂದಿತ್ತು. ಅದು ಹಸುಗೂಸಿನ ಕೆಂಪು ಗಂಟಿಗೂ ಆಗುತ್ತದೆ ಎಂದು ತಿಳಿದಿದ್ದು ನೊಬೆಲ್ ಬಂದು 20 ವರ್ಷವಾದ ಮೇಲೆ. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಓದುತ್ತಿರುವ ಮಕ್ಕಳು ಇಲ್ಲಿದ್ದೀರಿ. ವಾರ್ಡಿನಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಬರೆದಿಡುವುದು, ದೊಡ್ಡವರಿಗೆ ಹೇಳುವುದು ಚಿಕ್ಕ ಕೆಲಸವಲ್ಲ.

ಈಗ ಚಿಕಿತ್ಸೆ ಬೇಕಾದ ಮಕ್ಕಳಿಗೆ ಪ್ರೊಪ್ರನೊಲಾಲೇ ಮೊದಲ ಔಷಧಿ. ಚಿಕ್ಕದಾದ, ಮೇಲ್ಮೈಯಲ್ಲೇ ಇರುವ ಗಂಟಿಗೆ ಕಣ್ಣಿನ ಒತ್ತಡಕ್ಕೆ ಬಳಸುವ ಟಿಮೊಲಾಲ್ ಹನಿಯನ್ನು ಮೇಲೆ ಹಚ್ಚಲು ಕೊಡುತ್ತಾರೆ. ಕರಗಿದ ಮೇಲೆ ಉಳಿದ ಕೆಂಪಿಗೆ ಲೇಸರ್, ಸಡಿಲ ಚರ್ಮಕ್ಕೆ ಬೇಕಾದರೆ ಶಸ್ತ್ರಚಿಕಿತ್ಸೆ.

ನಾನು ಇದನ್ನು ಹತ್ತಿರದಿಂದ ಕಂಡಿದ್ದು ನನ್ನ ಮೊಮ್ಮಗಳಲ್ಲಿ. 2019ರಲ್ಲಿ ಹುಟ್ಟಿದ ಮಗು. ಏಳನೇ ದಿನ ಅಖೀಖಾದಲ್ಲಿ ತಲೆ ಬೋಳಿಸುವಾಗ ನೆತ್ತಿಯ ಮೇಲೆ ಒಂದು ಚುಕ್ಕೆ, ಕೆಳತುಟಿಯ ಮೇಲೆ ಒಂದು ಚುಕ್ಕೆ ಕಂಡವು. ಬಂದಿದ್ದ ನೆಂಟರೊಬ್ಬರು ‘ಏನೂ ಆಗಲ್ಲ, ತಾನಾಗಿಯೇ ಹೋಗುತ್ತೆ’ ಎಂದರು. ನನ್ನದೇ ಮಾತು ನನಗೇ ತಿರುಗಿ ಬಂತು. ಮೂರನೇ ವಾರದಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೆತ್ತಿಯದು ಬಿಡಿ, ತುಟಿಯದನ್ನು ವಾರ ವಾರ ತೋರಿಸಿ ಎಂದರು. ಐದನೇ ವಾರದಲ್ಲಿ ತುಟಿ ಊದಿ ಬಿರುಕು ಬಿಟ್ಟಿತು. ಮಗು ಎದೆಗೆ ಬಾಯಿ ಹಾಕಿ, ಚೀರಿ ಬಿಡುತ್ತಿತ್ತು. ನನ್ನ ಸೊಸೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿದಳು. ಮಗುವನ್ನು ಅಡ್ಮಿಟ್ ಮಾಡಿಕೊಂಡು ಔಷಧಿ ಶುರು ಮಾಡಿದರು. ಮೊದಲ ಡೋಸ್ ಕೊಡುವ ಮೊದಲು ಮತ್ತು ಆಮೇಲೆ ಗಂಟೆ ಗಂಟೆಗೆ ಎದೆಬಡಿತ ಎಣಿಸಿದರು, ಬಿ.ಪಿ. ನೋಡಿದರು, ರಕ್ತದ ಸಕ್ಕರೆ ನೋಡಿದರು. ಮೂರು ದಿನದಲ್ಲಿ ಬಣ್ಣ ಮಸುಕಾಯಿತು. ಎರಡು ವಾರಕ್ಕೆ ಹುಣ್ಣು ಮಾಗಿ ಮಗು ಮತ್ತೆ ಎದೆಹಾಲು ಕುಡಿಯಿತು. ಒಂದು ವರ್ಷ ಔಷಧಿ ಕೊಟ್ಟೆವು. ಈಗ ಶಾಲೆಗೆ ಹೋಗುತ್ತಾಳೆ. ತುಟಿಯನ್ನು ಹತ್ತಿರದಿಂದ ನೋಡಿದರೆ ಒಂದು ತೆಳು ಕಲೆ.

ಆ ಒಂದು ವರ್ಷದಲ್ಲಿ ನಾವು ಪಾಲಿಸಿದ್ದನ್ನು ಹೇಳುತ್ತೇನೆ. ಔಷಧಿ ಒಳ್ಳೆಯದೇ, ಆಟದ ಸಾಮಾನಲ್ಲ.

ಹಾಲು ಕುಡಿಸಿಯೇ ಔಷಧಿ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಎಂದೂ ಕೊಡಬಾರದು. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಇಳಿದುಹೋಗಬಹುದು. ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ ಆ ಹೊತ್ತಿನ ಡೋಸ್ ಬಿಟ್ಟು ಡಾಕ್ಟರಿಗೆ ಫೋನ್ ಮಾಡಬೇಕು. ರಂಜಾನ್ ತಿಂಗಳಲ್ಲಿ ಮನೆಯ ಹೊತ್ತುಗೊತ್ತು ಬದಲಾಗುತ್ತದೆ. ಸೆಹ್ರಿಗೆ ಎದ್ದವರು ಬೆಳಿಗ್ಗೆ ಮಲಗುತ್ತೇವೆ, ಮಗು ಹಾಲು ಕುಡಿಯುವ ಹೊತ್ತೂ ಏರುಪೇರಾಗುತ್ತದೆ. ಆ ತಿಂಗಳು ಇನ್ನೂ ಎಚ್ಚರ ಬೇಕು. ಮಗು ಮಂಕಾಗಿ, ಬೆವರಿ, ಎಬ್ಬಿಸಿದರೂ ಏಳದೆ ಇದ್ದರೆ, ಉಸಿರಾಡುವಾಗ ಸುಂಯ್ ಎಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಡೋಸ್ ಮಗುವಿನ ತೂಕದ ಮೇಲೆ ಇರುತ್ತದೆ. ತೂಕ ಹೆಚ್ಚಿದಂತೆ ಡಾಕ್ಟರು ಬದಲಿಸುತ್ತಾರೆ. ಆದ್ದರಿಂದ ಒಂದು ಮಗುವಿನ ಚೀಟಿಯನ್ನು ಇನ್ನೊಂದು ಮಗುವಿಗೆ ಬಳಸಬೇಡಿ. ಗಂಟು ಕಡಿಮೆಯಾಯಿತೆಂದು ನಡುವೆ ನೀವೇ ನಿಲ್ಲಿಸಬೇಡಿ, ಮತ್ತೆ ಬೆಳೆಯಬಹುದು. ಟಿಮೊಲಾಲ್ ಹನಿ ಮೇಲೆ ಹಚ್ಚುವುದಾದರೂ ಡಾಕ್ಟರು ಹೇಳಿದಷ್ಟೇ ಹನಿ, ಹೇಳಿದಷ್ಟೇ ಸಲ.

ಗಂಟಿಗೆ ಉಗುರು ತಾಗಿ ರಕ್ತ ಬಂದರೆ ಗಾಬರಿಯಾಗಬೇಡಿ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆ. ಸುಣ್ಣ ಹಚ್ಚುವುದು, ಬುಡಕ್ಕೆ ದಾರ ಕಟ್ಟುವುದು, ಬರೆ ಹಾಕುವುದು ಬೇಡವೇ ಬೇಡ. ದುಆ ಮಾಡಿ, ದವಾನೂ ಮಾಡಿ. ಎರಡಕ್ಕೂ ಜಗಳವಿಲ್ಲ.

ಎಲ್ಲಿ ತೋರಿಸಬೇಕು? ಮೊದಲು ನಿಮ್ಮ ಬಡಾವಣೆಯ ನಮ್ಮ ಕ್ಲಿನಿಕ್, ಪ್ರಾಥಮಿಕ ಆರೋಗ್ಯ ಕೇಂದ್ರ, ಅಥವಾ ಲಸಿಕೆ ಹಾಕಿಸುವ ಕಡೆ ಮಗುವಿನ ಬಟ್ಟೆ ಬಿಚ್ಚಿ ತೋರಿಸಿ. ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ತೋರಿಸಿ. ಆದರೆ ಅಪಾಯದ ಜಾಗದ ಗಂಟಿಗೆ ಒಂದೂವರೆ ತಿಂಗಳ ಲಸಿಕೆಯವರೆಗೆ ಕಾಯಬೇಡಿ. ದೊಡ್ಡ ಆಸ್ಪತ್ರೆ ಎಂದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಅದು ಸರ್ಕಾರದ್ದು, ಮಕ್ಕಳ ಚರ್ಮರೋಗಕ್ಕೆ ಅಲ್ಲಿ ಪ್ರತ್ಯೇಕ ವೈದ್ಯರಿದ್ದಾರೆ. ಕೋಟೆಯ ಹತ್ತಿರ ವಾಣಿವಿಲಾಸ್, ಶಿವಾಜಿನಗರದಲ್ಲಿ ಬೌರಿಂಗ್, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಇವೆ. ಕಣ್ಣಿನ ಹತ್ತಿರದ ಗಂಟಾದರೆ ಕಣ್ಣಿನ ಪರೀಕ್ಷೆಯೂ ಆಗಬೇಕು, ಅದಕ್ಕೆ ಮಿಂಟೋ ಆಸ್ಪತ್ರೆ ಇದೆ. ರೇಷನ್ ಕಾರ್ಡು, ಆಧಾರ್, ಹೆರಿಗೆ ಆಸ್ಪತ್ರೆಯ ಚೀಟಿ ಜೊತೆಗಿರಲಿ. ಇನ್ನೊಂದು ಉಪಾಯ: ಚುಕ್ಕೆ ಕಂಡ ದಿನದಿಂದ ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಎಷ್ಟು ಬೇಗ ಬೆಳೆಯುತ್ತಿದೆ ಎಂದು ಡಾಕ್ಟರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಈಗ ದಾನಿಗಳಿಗೆ ಎರಡು ಮಾತು. ನೀವು ಕೊಡುವ ಜಕಾತ್, ಸದಖಾ ಹಣದಲ್ಲಿ ಈ ಮಕ್ಕಳು ಓದುತ್ತಿದ್ದಾರೆ. ಈ ಕಾಯಿಲೆಯಲ್ಲಿ ದುಬಾರಿ ಯಾವುದು ಎಂದು ಯೋಚಿಸಿ. ಔಷಧಿ ಅಗ್ಗದ್ದು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸೂ ಉಚಿತ. ಯಲಹಂಕದಿಂದ ಹೊಸೂರು ರಸ್ತೆಗೆ ಹಸುಗೂಸನ್ನು ಎತ್ತಿಕೊಂಡು ಎರಡು ಬಸ್ ಹತ್ತಿ ಇಳಿದು, ಸರದಿಯಲ್ಲಿ ಕಾದು ಬರುವುದಕ್ಕೆ ಒಂದು ಪೂರ್ತಿ ದಿನ ಬೇಕು. ಆ ದಿನ ಜೊತೆಗೆ ಬರುವ ಗಂಡನ ಕೂಲಿ ಹೋಗುತ್ತದೆ. ಮನೆಯಲ್ಲಿರುವ ದೊಡ್ಡ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು. ಮೊದಲ ಎರಡು ಭೇಟಿ ಹೇಗೋ ಆಗುತ್ತದೆ, ಮೂರನೆಯದು ತಪ್ಪಿಹೋಗುತ್ತದೆ. ಔಷಧಿ ನಿಲ್ಲುವುದು ಅಲ್ಲಿ. ಆದ್ದರಿಂದ ವಿದ್ಯಾರ್ಥಿವೇತನದ ಜೊತೆಗೆ, ಹೀಗೆ ಚಿಕಿತ್ಸೆಯಲ್ಲಿರುವ ಹಸುಗೂಸಿನ ಕುಟುಂಬಕ್ಕೆ ಆಸ್ಪತ್ರೆಗೆ ಹೋಗುವ ದಿನದ ಕೂಲಿ, ಆಟೋ ಖರ್ಚು, ಬೇಕಾದರೆ ಹೊರಗೆ ಮಾಡಿಸುವ ಸ್ಕ್ಯಾನಿನ ಖರ್ಚಿಗೆ ಒಂದು ಸಣ್ಣ ಮೊತ್ತ ತೆಗೆದಿಡಿ ಎಂದು ಟ್ರಸ್ಟನ್ನು ಕೇಳಿಕೊಳ್ಳುತ್ತೇನೆ. ನನ್ನ ಪಿಂಚಣಿಯಿಂದ ಮೊದಲ ಕಂತು ಈವತ್ತೇ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ.

ವಿದ್ಯಾರ್ಥಿಗಳಿಗೆ ಒಂದು ಹೋಂವರ್ಕ್. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಮೂರು ತಿಂಗಳೊಳಗಿನ ಮಗು ಇದ್ದರೆ ಆ ಮನೆಗೆ ಹೋಗಿ. ನಾನು ಹೇಳಿದ ಏಳು ವಿಷಯ ತಾಯಿಗೆ ಹೇಳಿ. ಚುಕ್ಕೆ ಇದ್ದರೆ ಅವರ ಜೊತೆ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸಿ, ಡಾಕ್ಟರು ಹೇಳಿದ್ದನ್ನು ಬರೆದುಕೊಂಡು ಬನ್ನಿ. ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಓದಿ ಹೇಳಲು ಒಬ್ಬರು ಜೊತೆಗಿದ್ದರೆ ಆ ತಾಯಿಗೆ ಎಷ್ಟು ಧೈರ್ಯ ಎಂದು ನಿಮಗೆ ಗೊತ್ತು, ನಿಮ್ಮ ತಾಯಂದಿರಿಗೆ ನೀವೇ ಓದಿ ಹೇಳುತ್ತೀರಿ.

ಆ ಹುಡುಗನ ತಾಯಿ 1996ರಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ‘ತೋರಿಸ್ಲಾ?’ ಎಂದು. ನಾಳೆ ನಿಮ್ಮನ್ನು ಯಾರಾದರೂ ಹಾಗೆ ಕೇಳಿದರೆ, ದಯವಿಟ್ಟು ‘ತೋರಿಸೋಣ, ನಾನೂ ಬರ್ತೀನಿ’ ಎನ್ನಿ.

 ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ. ಖುದಾ ಹಾಫಿಜ್.